ಹಾಸನದಿಂದ ಹಾಸನಕ್ಕೆ ಎರಡು ದಿನದ ಸೈಕಲ್ ಸವಾರಿ, ಒಂದು ಮಗುವಿನ ಆಸ್ಪತ್ರೆ ಓಡಾಟಕ್ಕಾಗಿ: ಸಲಹೆ ಕೊಡಿ

ಹಾಸನದ ಮೇಷ್ಟ್ರು | ನವೆಂಬರ್ 2

ಎಲ್ಲರಿಗೂ ನಮಸ್ಕಾರ. ಹಾಸನಾಂಬೆ ದರ್ಶನದ ನೂಕುನುಗ್ಗಲು ಮುಗಿದು ಊರು ಈಗ ಉಸಿರು ಬಿಟ್ಟಿದೆ. ಹದಿನೈದು ದಿನದಿಂದ ಮನಸ್ಸಿನಲ್ಲೇ ಇಟ್ಟುಕೊಂಡಿದ್ದನ್ನು ಇವತ್ತು ಬರೆಯುತ್ತಿದ್ದೇನೆ.

ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ, ವಯಸ್ಸು 44. ಮೂರು ವರ್ಷದಿಂದ ಭಾನುವಾರ ಭಾನುವಾರ ಗೊರೂರು ಅಣೆಕಟ್ಟೆಗೆ ಸೈಕಲ್ಲಿನಲ್ಲಿ ಹೋಗಿಬರುತ್ತೇನೆ. ಅದು ಬಿಟ್ಟರೆ ದೊಡ್ಡ ಸವಾರಿ ಯಾವುದೂ ಮಾಡಿಲ್ಲ.

ನಮ್ಮ ಬೀದಿಯ ಒಂದು ಮನೆಯಲ್ಲಿ ಏಳು ವರ್ಷದ ಹುಡುಗಿಗೆ ರಕ್ತದ ಕ್ಯಾನ್ಸರ್. ಚಿಕಿತ್ಸೆ ಬೆಂಗಳೂರಲ್ಲಿ. ಔಷಧಿಯ ಬಹುಪಾಲು ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಆಗುತ್ತಿದೆ. ಶಕ್ತಿ ಯೋಜನೆ ಬಂದ ಮೇಲೆ ತಾಯಿ ಮಗಳಿಗೆ ಬಸ್ಸಿನ ಟಿಕೆಟ್ಟೂ ಇಲ್ಲ. ಹಾಗಾದರೆ ಖರ್ಚೇನು ಅಂತ ನಾನೂ ಅಂದುಕೊಂಡಿದ್ದೆ. ಮಗುವಿನ ರಕ್ತಕಣ ಇಳಿದಾಗ ತುಂಬಿದ ಬಸ್ಸಿನಲ್ಲಿ ಕರಕೊಂಡು ಬರಬೇಡಿ ಅಂದಿದ್ದಾರಂತೆ ವೈದ್ಯರು. ಆಗ ಕಾರು ಮಾಡಬೇಕು. ಹಾಸನದಿಂದ ಬೆಂಗಳೂರಿಗೆ ಹೋಗಿಬರಲು 370 ಕಿ.ಮೀ. ಆಗುತ್ತದೆ, ಕಿಲೋಮೀಟರಿಗೆ 14 ರೂಪಾಯಿ ಹಿಡಿದರೂ 5,180. ತಂದೆ ಗಾರೆ ಕೆಲಸದವರು, ಹೋದ ದಿನದ ಕೂಲಿಯೂ ಹೋಯಿತು.

ನಾವು ನಾಲ್ಕು ಜನ ಸೇರಿ ಯೋಚಿಸಿದ್ದೇವೆ. ನಾನು, ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ತಂಗಿ, ಒಬ್ಬ ಎಲೆಕ್ಟ್ರಿಷಿಯನ್ ಹುಡುಗ. ಹಾಸನ, ಬೇಲೂರು, ಮೂಡಿಗೆರೆ, ಚಾರ್ಮಾಡಿ ಇಳಿದು ಧರ್ಮಸ್ಥಳ, ಮಾರನೇ ದಿನ ಶಿರಾಡಿ ಹತ್ತಿ ವಾಪಸ್. ಪರಿಚಯದವರು ಕಿಲೋಮೀಟರಿಗೆ ಎರಡೋ ಐದೋ ರೂಪಾಯಿ ಅಂತ ಮಾತು ಕೊಡುವುದು, ನಾವು ತುಳಿದು ತೋರಿಸುವುದು.

ಇದು ನಮ್ಮ ಕೈಲಿ ಆಗುತ್ತದಾ? ಹಣದ ವಿಷಯ ಹೇಗೆ ನೋಡಿಕೊಳ್ಳಬೇಕು? ಕೇಳಲು ನಾಲಿಗೆ ಏಳುತ್ತಿಲ್ಲ, ಅದೂ ಒಂದು ಕಷ್ಟ.

ಹ್ಯಾಂಡ್‌ಪೋಸ್ಟ್ ತೋಟ | ನವೆಂಬರ್ 2

ಮೇಷ್ಟ್ರೇ, ನಿಮ್ಮ ಮನಸ್ಸು ದೊಡ್ಡದು, ದಾರಿ ಮಾತ್ರ ಬೇಡ. ನಾನು ಮೂಡಿಗೆರೆ ಕಡೆಯವನು, ಮೂವತ್ತು ವರ್ಷದಿಂದ ಚಾರ್ಮಾಡಿ ಇಳಿದು ಹತ್ತಿದ್ದೇನೆ. ಕೊಟ್ಟಿಗೆಹಾರದಲ್ಲಿ ಬಿಸಿಲಿರುತ್ತದೆ, ಎರಡು ತಿರುವು ಇಳಿದರೆ ಮಂಜಿನಲ್ಲಿ ಎದುರಿನ ಬಸ್ಸೇ ಕಾಣುವುದಿಲ್ಲ. ರಸ್ತೆ ಕಿರಿದು, ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಶಿರಾಡಿಯಂತೂ ಮಂಗಳೂರು ಬಂದರಿನ ಟ್ಯಾಂಕರು, ಕಂಟೇನರುಗಳ ದಾರಿ. ಉಸಿರು ಕಟ್ಟಿ ಹತ್ತುತ್ತಿರುವ ಸೈಕಲ್ಲಿನವನು ಸ್ವಲ್ಪ ಓಲಾಡುತ್ತಾನೆ, ಆ ಒಂದಡಿ ಓಲಾಟಕ್ಕೂ ಅಲ್ಲಿ ಜಾಗವಿಲ್ಲ.

ಬದಲಿಗೆ ಘಟ್ಟದ ಮೇಲೇ ಸುತ್ತಿ. ಹಾಸನ, ಹಳೇಬೀಡು, ಬೇಲೂರು, ಚಿಕ್ಕಮಗಳೂರಲ್ಲಿ ರಾತ್ರಿ. ಮಾರನೇ ದಿನ ಮೂಡಿಗೆರೆ, ಹಾನುಬಾಳು, ಸಕಲೇಶಪುರ, ಆಲೂರು, ಹಾಸನ. ಮೊದಲ ದಿನ 70ರ ಸುಮಾರು, ಎರಡನೇ ದಿನ 100ರ ಸುಮಾರು. ಸಪಾಟು ರಸ್ತೆ ಅಂತ ತಿಳಿಯಬೇಡಿ. ಚಿಕ್ಕಮಗಳೂರು ಬಿಟ್ಟ ಮೇಲೆ ಹಳ್ಳಕ್ಕೆ ಇಳಿದು ದಿಣ್ಣೆಗೆ ಹತ್ತುವುದೇ ಕೆಲಸ.

ಇನ್ನೊಂದು ಮಾತು, ಇದನ್ನು ಮರೆಯಲೇಬೇಡಿ. ಬೇಲೂರು, ಸಕಲೇಶಪುರ, ಆಲೂರು ಸೀಮೆಯಲ್ಲಿ ಆನೆಗಳು ರಸ್ತೆಗೇ ಬರುತ್ತವೆ. ಸೈಕಲ್ಲಿನವರಿಗೆ ನಸುಕಿನಲ್ಲಿ ಹೊರಡುವ ಚಟ, ಆನೆ ಕಾಡಿಗೆ ಮರಳುವ ಹೊತ್ತೂ ಅದೇ. ಸೈಕಲ್ಲಿಗೆ ಸದ್ದಿಲ್ಲ, ಹತ್ತಿರ ಹೋಗುವವರೆಗೆ ಅದಕ್ಕೂ ತಿಳಿಯುವುದಿಲ್ಲ, ನಿಮಗೂ ತಿಳಿಯುವುದಿಲ್ಲ. ಆನೆ ಓಡಾಟದ ಸಂದೇಶ ನಮ್ಮ ಮೊಬೈಲಿಗೆ ಬರುತ್ತದೆ. ನೀವು ಬರುವ ದಿನ ನಾನೇ ಫೋನು ಮಾಡಿ ಹೇಳುತ್ತೇನೆ.

ಇನ್ನೂರರ ಸವಾರ | ನವೆಂಬರ್ 3

ಚಿಕ್ಕಮಗಳೂರಿನಿಂದ. ಮೇಲಿನ ದಾರಿಗೆ ನನ್ನದೂ ಒಪ್ಪಿಗೆ. ನಾನು ಬ್ರೆವೆ ಸವಾರಿ ಮಾಡುವವನು. ಆ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು: 200 ಕಿ.ಮೀ. ದೂರವನ್ನು ಹದಿಮೂರೂವರೆ ಗಂಟೆಯೊಳಗೆ, 300ನ್ನು 20 ಗಂಟೆಯೊಳಗೆ, 600ನ್ನು 40 ಗಂಟೆಯೊಳಗೆ ಮುಗಿಸಬೇಕು. ಊಟ, ಪಂಕ್ಚರ್, ನಿದ್ದೆ ಎಲ್ಲ ಅದರೊಳಗೇ. ಗಂಟೆಗೆ ಹದಿನೈದು ಕಿ.ಮೀ. ಬಿಟ್ಟುಕೊಡದೆ ಹೋಗುವವನು 200 ಮುಗಿಸುತ್ತಾನೆ. ನಿಮಗೆ ವೇಗ ಬೇಡ, ಮೇಷ್ಟ್ರೇ. ತಡಿಯ ಮೇಲೆ ಎಂಟು ಗಂಟೆ ಕೂರುವ ಅಭ್ಯಾಸ ಬೇಕು.

ಜನವರಿ ಕೊನೆಗೆ ಇಟ್ಟುಕೊಳ್ಳಿ, ಹನ್ನೆರಡು ವಾರ ಸಿಗುತ್ತದೆ. ವಾರದಲ್ಲಿ ಎರಡು ದಿನ ಒಂದೊಂದು ಗಂಟೆ ಸಾಕು, ಭಾನುವಾರದ ಸವಾರಿ ಮಾತ್ರ ಬೆಳೆಯುತ್ತಾ ಹೋಗಲಿ. ಮೊದಲು ನಿಮ್ಮ ಗೊರೂರೇ ಇರಲಿ, ಆಮೇಲೆ ಹಳೇಬೀಡಿಗೆ ಹೋಗಿ ಬನ್ನಿ, 60 ಆಯಿತು. ಡಿಸೆಂಬರ್ ನಡುವೆ ಶ್ರವಣಬೆಳಗೊಳಕ್ಕೆ ಹೋಗಿ ಬನ್ನಿ, ನೂರು ದಾಟುತ್ತದೆ. ಪ್ರತಿ ನಾಲ್ಕನೇ ವಾರ ಕಡಿಮೆ ಮಾಡಿ, ಮೈ ಕಟ್ಟಿಕೊಳ್ಳುವುದು ವಿಶ್ರಾಂತಿಯಲ್ಲೇ. ಒಂದು ಸಲವಾದರೂ ಶನಿವಾರ ಭಾನುವಾರ ಎರಡೂ ದಿನ ತುಳಿಯಿರಿ. ಎರಡನೇ ದಿನ ಬೆಳಿಗ್ಗೆ ಹೇಗಿರುತ್ತದೆ ಅನ್ನುವುದು ಅನುಭವಿಸದೆ ಅರ್ಥವಾಗುವುದಿಲ್ಲ.

ಹಸಿವಾದ ಮೇಲೆ ತಿಂದರೆ ತಡವಾಯಿತು. ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ಅಥವಾ ಸಕ್ಕರೆ ಹೊಟ್ಟೆಗೆ ಹೋಗುತ್ತಿರಬೇಕು. ಪ್ಯಾಕೆಟ್ಟಿನ ಜೆಲ್ ನಮಗೆ ಬೇಡ, ಏಲಕ್ಕಿ ಬಾಳೆ, ಕಡಲೆಬೀಜದ ಚಿಕ್ಕಿ, ಬೆಲ್ಲ, ಮಧ್ಯಾಹ್ನ ಮೊಸರನ್ನ ಸಾಕು. ಬರೀ ನೀರು ಕುಡಿಯುತ್ತಾ ಹೋಗಬೇಡಿ, ಬೆವರಿನ ಜೊತೆ ಉಪ್ಪು ಹೋಗಿರುತ್ತದೆ. ಒಂದು ಲೀಟರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಸಮತಟ್ಟಾದ ಟೀ ಚಮಚದಲ್ಲಿ.

ನೇರ ಮಾತು | ನವೆಂಬರ್ 3

ಅರಸೀಕೆರೆಯಿಂದ. ಯಾರೂ ಕೇಳದ್ದನ್ನು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮಗುವಿಗೆ ಬೇಕಾದದ್ದು ದುಡ್ಡು. ನೀವು ನಾಲ್ಕು ಜನ ಎರಡು ದಿನ ರೂಮು, ಊಟ, ಟ್ಯೂಬು, ಹಿಂದೆ ಬರುವ ಕಾರಿನ ಡೀಸೆಲ್ಲು ಅಂತ ಖರ್ಚು ಮಾಡುತ್ತೀರಿ. ಅದನ್ನೇ ಆ ತಾಯಿಯ ಕೈಗೆ ಕೊಟ್ಟರೆ ಎರಡು ಸಲ ಬೆಂಗಳೂರಿಗೆ ಹೋಗಿಬರಬಹುದು. ಸೈಕಲ್ ಯಾಕೆ?

ಸುಮ್ಮನೆ ಕೇಳುತ್ತಿಲ್ಲ. ಕೆಲವು ವರ್ಷದ ಹಿಂದೆ ಒಂದು ಕಡೆ ಇಂಥದೇ ಸವಾರಿಗೆ ನಾನು ಹಣ ಕೊಟ್ಟಿದ್ದೆ, ನಾಲ್ಕು ಮಂದಿಯ ಹತ್ತಿರ ಕೊಡಿಸಿಯೂ ಇದ್ದೆ. ಬಂದ ಹಣದಲ್ಲಿ ಎಲ್ಲರಿಗೂ ಒಂದೇ ಬಣ್ಣದ ಜೆರ್ಸಿ, ಊರ ತುಂಬ ಫ್ಲೆಕ್ಸು, ಕೊನೆಗೆ ಹೋಟೆಲಿನಲ್ಲಿ ಊಟ. ರೋಗಿಯ ಮನೆಗೆ ಎಷ್ಟು ಹೋಯಿತು ಅಂತ ಇವತ್ತಿನವರೆಗೂ ಲೆಕ್ಕ ಬಂದಿಲ್ಲ. ನಾನು ಹೇಳಿ ಕೊಡಿಸಿದವರ ಮುಖ ನೋಡಲು ನನಗೆ ಆಗಲಿಲ್ಲ.

ಹಾಸನದ ಮೇಷ್ಟ್ರು | ನವೆಂಬರ್ 4

ಬೇಸರವಿಲ್ಲ. ನಿಮ್ಮ ಪ್ರಶ್ನೆಯನ್ನು ರಾತ್ರಿಯೆಲ್ಲ ನನಗೆ ನಾನೇ ಕೇಳಿಕೊಂಡಿದ್ದೇನೆ.

ಆಗಸ್ಟಿನಲ್ಲಿ ಆ ಮನೆಗೆ 5,000 ಕೊಟ್ಟೆ. ಒಂದು ಸಲದ ಕಾರು ಬಾಡಿಗೆಗೆ ಆಯಿತು. ಅವರ ಚಿಕಿತ್ಸೆ ಇನ್ನೂ ಎರಡು ವರ್ಷ ಇದೆ. ತಿಂಗಳು ತಿಂಗಳು ಕೊಡುವ ಶಕ್ತಿ ನನಗಿಲ್ಲ, ಸುಮ್ಮನೆ ಬಂದು ದುಡ್ಡು ಕೊಡಿ ಅಂತ ಸಹೋದ್ಯೋಗಿಗಳನ್ನು ಕೇಳುವ ಧೈರ್ಯವೂ ಇಲ್ಲ. ಈ ಸೈಕಲ್ಲಿನ ಯೋಚನೆಯನ್ನು ಸ್ಟಾಫ್ ರೂಮಿನಲ್ಲಿ ಹೇಳಿದ ದಿನ ಮೊದಲ ಸಲ ಜನ ಮಗುವಿನ ಬಗ್ಗೆ ಕೇಳಿದರು. ಎಷ್ಟು ದಿನದ ಚಿಕಿತ್ಸೆ, ವಾಸಿಯಾಗುತ್ತದಾ, ರಕ್ತ ಬೇಕಾ. ನಾನೇನಾದರೂ ಮೈ ಬಗ್ಗಿಸಿ ಮಾಡುತ್ತೇನೆ ಅಂದಾಗ ಕೇಳುವುದು ಸುಲಭವಾಗುತ್ತದೆ, ಕೊಡುವವರಿಗೂ ಕೊಡುವುದು ಸುಲಭವಾಗುತ್ತದೆ. ಇದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇಲ್ಲ.

ಖರ್ಚಿನ ಬಗ್ಗೆ ನೀವು ಹೇಳಿದ್ದನ್ನು ಬರೆದಿಟ್ಟುಕೊಂಡೆ. ಸವಾರಿಯ ಒಂದು ರೂಪಾಯಿಯೂ ದೇಣಿಗೆಯಿಂದ ಬರುವುದಿಲ್ಲ. ಜೆರ್ಸಿ ಇಲ್ಲ, ಫ್ಲೆಕ್ಸ್ ಇಲ್ಲ.

ವಾರ್ಡಿನ ಅಕ್ಕ | ನವೆಂಬರ್ 4

ನಾನು ಶುಶ್ರೂಷಕಿ. ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿ ಈಗ ಹಾಸನದಲ್ಲಿದ್ದೇನೆ. ಮೇಷ್ಟ್ರು ಕಾರಿನ ಬಾಡಿಗೆಯನ್ನೇ ಹಿಡಿದುಕೊಂಡದ್ದು ನೋಡಿ ಬರೆಯಬೇಕೆನಿಸಿತು. ಅದು ಎಷ್ಟು ಸರಿಯಾದ ಜಾಗ ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ.

ಮಕ್ಕಳಲ್ಲಿ ಹೆಚ್ಚಾಗಿ ಬರುವ ರಕ್ತದ ಕ್ಯಾನ್ಸರಿಗೆ ಎರಡರಿಂದ ಮೂರು ವರ್ಷ ಚಿಕಿತ್ಸೆ. ಮೊದಲ ನಾಲ್ಕೈದು ವಾರ ಬಲವಾದ ಔಷಧಿ. ಅದಾದ ಮೇಲೆ ಹೆಚ್ಚಿನ ಮಕ್ಕಳ ರಕ್ತ ಪರೀಕ್ಷೆ ಚೆನ್ನಾಗಿ ಬರುತ್ತದೆ. ಮಗು ಆಡುತ್ತದೆ, ಉಣ್ಣುತ್ತದೆ, ಕೂದಲು ಬರುತ್ತದೆ. ಆಗ ಮನೆಯವರು ವಾಸಿಯಾಯಿತು ಅಂದುಕೊಳ್ಳುತ್ತಾರೆ. ವಾಸಿಯಾಗಿರುವುದಿಲ್ಲ. ಉಳಿದ ತಿಂಗಳುಗಳ ಮಾತ್ರೆ ಮತ್ತು ತಪಾಸಣೆ ಇರುವುದೇ ಕಣ್ಣಿಗೆ ಕಾಣದೆ ಉಳಿದದ್ದನ್ನು ಮುಗಿಸಲು. ನಡುವೆ ಬಿಟ್ಟರೆ ಕಾಯಿಲೆ ತಿರುಗಿ ಬರುವ ಅಪಾಯ ಹೆಚ್ಚು, ತಿರುಗಿ ಬಂದಾಗ ಅದು ಮೊದಲಿಗಿಂತ ಗಟ್ಟಿ.

ಬಿಡುವವರಲ್ಲಿ ಔಷಧಿಗೆ ದುಡ್ಡಿಲ್ಲದೆ ಬಿಟ್ಟವರು ನಾನು ಕಂಡಂತೆ ಕಡಿಮೆ. ಹೋಗಿಬರುವುದು ಆಗದೆ, ಕೂಲಿ ಬಿಡಲಾಗದೆ, ಮನೆಯಲ್ಲಿರುವ ಇನ್ನೊಂದು ಮಗುವನ್ನು ನೋಡಿಕೊಳ್ಳುವವರಿಲ್ಲದೆ ಬಿಡುತ್ತಾರೆ. ಕಳೆದುಹೋದ ಅಂಥ ಮಕ್ಕಳ ಮುಖ ನನಗೆ ಇನ್ನೂ ನೆನಪಿದೆ.

ಇನ್ನೊಂದು ವಿಷಯ. ಚಿಕಿತ್ಸೆಯಲ್ಲಿರುವ ಮಗುವಿಗೆ ಜ್ವರ ಬಂದರೆ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ. ಆ ರಾತ್ರಿಯೇ ಹತ್ತಿರದ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಬೀಳಬೇಕು. ನೀವು ಕೂಡಿಸುವ ಹಣದಲ್ಲಿ ಒಂದು ಪಾಲು ರಾತ್ರಿ ಹೊತ್ತಿನ ಗಾಡಿಗೆ ಅಂತಲೇ ಎತ್ತಿಡಿ.

ಹಣ ಕೊಡಲಾಗದವರು ರಕ್ತ ಕೊಡಬಹುದು. ಪ್ಲೇಟ್‌ಲೆಟ್ ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣ, ಅದನ್ನು ಐದು ದಿನಕ್ಕಿಂತ ಹೆಚ್ಚು ಇಡಲಾಗುವುದಿಲ್ಲ, ಅದಕ್ಕೇ ಅದರ ಕೊರತೆ ಯಾವಾಗಲೂ.

ಲೆಕ್ಕದ ಪುಸ್ತಕ | ನವೆಂಬರ್ 5

ಚಿಕ್ಕಮಗಳೂರು. ಲೆಕ್ಕಪರಿಶೋಧನೆ ನನ್ನ ಕಸುಬು. ದಯವಿಟ್ಟು ಮೇಷ್ಟ್ರು ತಮ್ಮ ಸ್ವಂತ ಫೋನ್ ನಂಬರಿಗೆ ಹಣ ಹಾಕಿಸಿಕೊಳ್ಳಬಾರದು. ಮನಸ್ಸು ಎಷ್ಟೇ ಶುದ್ಧವಿದ್ದರೂ ಆ ಖಾತೆಯಲ್ಲಿ ಸಂಬಳವೂ ದೇಣಿಗೆಯೂ ಬೆರೆಯುತ್ತದೆ, ಆಮೇಲೆ ಬಿಡಿಸಿ ತೋರಿಸಲಾಗುವುದಿಲ್ಲ. ನೇರವಾಗಿ ಆ ಮನೆಯವರ ಖಾತೆಗೆ ಹಾಕಿಸಿದರೆ ಇನ್ನೊಂದು ತೊಡಕು: ಸಂಬಂಧಿಕರಲ್ಲದವರಿಂದ ಒಂದು ವರ್ಷದಲ್ಲಿ ಬಂದ ಹಣ 50,000 ರೂಪಾಯಿ ದಾಟಿದರೆ ಅದು ಅವರ ವರಮಾನದ ಲೆಕ್ಕಕ್ಕೆ ಸೇರುತ್ತದೆ.

ಇಂಥ ಮಕ್ಕಳಿಗಾಗಿಯೇ ಕೆಲಸ ಮಾಡುವ ನೋಂದಾಯಿತ ಟ್ರಸ್ಟ್ ಒಂದನ್ನು ಹುಡುಕಿ. ಹಣ ಅವರ ಖಾತೆಗೆ ಹೋಗಲಿ, ರಸೀದಿ ಅವರೇ ಕೊಡಲಿ. ಕಾರಿನವರಿಗೆ ಬಿಲ್ಲು ನೋಡಿ ಅವರೇ ಪಾವತಿಸಲಿ. ದೇಣಿಗೆಗೆ ಆದಾಯ ತೆರಿಗೆಯ 80ಜಿ ವಿನಾಯಿತಿ ಕೇಳುವವರಿಗೆ ಹೇಳಿ, 2,000 ರೂಪಾಯಿ ಮೀರಿದ ನಗದಿಗೆ ಅದು ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೂ ಇಲ್ಲ.

ನೇರ ಮಾತು ಅವರ ಪ್ರಶ್ನೆಗೆ ಒಂದು ಉದಾಹರಣೆ. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ 1980ರಲ್ಲಿ 36 ಜನ ಸೈಕಲ್ ತುಳಿದು ಕ್ಯಾನ್ಸರ್ ಸಂಸ್ಥೆಗೆ 10,200 ಡಾಲರ್ ಕೂಡಿಸಿದರು. ಪ್ಯಾನ್-ಮಾಸ್ ಚಾಲೆಂಜ್ ಅಂತ ಅದರ ಹೆಸರು. ಇವತ್ತು ಸಾವಿರಾರು ಜನ ತುಳಿಯುತ್ತಾರೆ, ಸವಾರರು ಎತ್ತಿದ ಹಣ ಪೂರ್ತಿಯಾಗಿ ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೇ ಹೋಗುತ್ತದೆ, ನಡೆಸುವ ಖರ್ಚು ಬೇರೆ ಕಡೆಯಿಂದ. ಹಣ ಎಲ್ಲಿಗೆ ಹೋಗುತ್ತದೆ ಅನ್ನುವುದು ಕೊಡುವವನಿಗೆ ಮೊದಲೇ ಗೊತ್ತಿದ್ದರೆ ಅವನು ಮುಂದಿನ ವರ್ಷವೂ ಕೊಡುತ್ತಾನೆ.

ನಿಮ್ಮ ಲೆಕ್ಕ ನಾನು ನೋಡಿಕೊಡುತ್ತೇನೆ, ಶುಲ್ಕ ಬೇಡ.

ಸ್ಪೋಕ್ ಕೀ | ನವೆಂಬರ್ 6

ಬೇಲೂರಲ್ಲಿ ಸೈಕಲ್ ರಿಪೇರಿ ಅಂಗಡಿ ನಮ್ದು. ಸೈಕಲ್ ಯಾವ್ದು ಅಂತ ಯಾರೂ ಕೇಳ್ಲೇ ಇಲ್ವಲ್ಲ ಸಾರ್?

ಹಾಸನದ ಮೇಷ್ಟ್ರು | ನವೆಂಬರ್ 6

ಎರಡು ಗುಡ್ಡಗಾಡಿನ ಗೇರ್ ಸೈಕಲ್, ದಪ್ಪ ಗುಬುಟು ಟೈರಿನವು. ಒಂದು ಹೈಬ್ರಿಡ್. ಔಷಧಿ ಅಂಗಡಿ ತಂಗಿಯದು ರೋಡ್ ಸೈಕಲ್, ಹಳೆಯದು.

ಸ್ಪೋಕ್ ಕೀ | ನವೆಂಬರ್ 6

ಗುಬುಟು ಟೈರು ತೆಗೆದ್ಬಿಡಿ. ಅದೇ ರಿಮ್ಮಿಗೆ ನುಣುಪಾದ ಟೈರು ಹಾಕ್ಸಿದ್ರೆ ತುಳಿಯೋ ಶ್ರಮದಲ್ಲಿ ಎಷ್ಟೋ ಉಳಿಯುತ್ತೆ. ಹಳೇ ಸೈಕಲ್ಲಲ್ಲಿ ಚೈನು, ಬ್ರೇಕ್ ಪ್ಯಾಡು ಕಣ್ಣು ಮುಚ್ಚಿ ಬದಲಾಯಿಸಿ. ತಲೆಗೆ ಎರಡರಂತೆ ಟ್ಯೂಬ್ ಇರ್ಲಿ, ಒಂದು ಪಂಪು, ಟೈರ್ ಲಿವರು, ಚೈನ್ ಬಿಚ್ಚೋ ಟೂಲು. ಹತ್ತೋವಾಗ ಚೈನು ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ, ದಿಣ್ಣೆ ಶುರುವಾಗೋ ಮುಂಚೆನೇ ಹಾಕ್ಕೊಳ್ಳಿ. ಭಾರ ಬಿದ್ಮೇಲೆ ಗೇರ್ ಬದಲಾಯಿಸಿದ್ರೆ ಚೈನ್ ಕಿತ್ಕೊಳ್ಳುತ್ತೆ. ಇಳಿಯೋವಾಗ ಬ್ರೇಕ್ ಹಿಡ್ಕೊಂಡೇ ಇರ್ಬೇಡಿ, ಹಿಡಿದು ಬಿಟ್ಟು ಹಿಡಿದು ಬಿಟ್ಟು ಇಳೀರಿ. ರಿಮ್ಮು ಕಾದ್ರೆ ಪ್ಯಾಡ್ ಹಿಡಿಯಲ್ಲ.

ಬೇಲೂರಿಗೆ ಬಂದಾಗ ನಾಲ್ಕೂ ಸೈಕಲ್ ನಾನೇ ನೋಡ್ಕೊಡ್ತೀನಿ. ಇವತ್ತು ಅಂಗಡಿಗೆ ಬರೋ ಮಕ್ಕಳ ಸೈಕಲ್ ಮುಕ್ಕಾಲುಪಾಲು ಸೀಟು ತಗ್ಗು, ಚೈನು ಒಣಗಿ ಕೀರ್ ಅಂತಿರುತ್ತೆ. ನಿಮ್ಮಂಥವರನ್ನ ರಸ್ತೇಲಿ ನೋಡಿದ್ರೆ ನಮ್ಮ ಹುಡುಗರಿಗೂ ಸೈಕಲ್ ಮೇಲೆ ಮರ್ಯಾದೆ ಬರುತ್ತೆ.

ಎಂಟನೇ ಕ್ಲಾಸಿನ ಸೈಕಲ್ | ನವೆಂಬರ್ 9

ಜಾವಗಲ್ ಹತ್ತಿರದ ಹಳ್ಳಿಯವಳು ನಾನು. 2006-07ರಲ್ಲಿ ಸರ್ಕಾರ ಎಂಟನೇ ತರಗತಿಗೆ ಸೈಕಲ್ ಕೊಡಲು ಶುರು ಮಾಡಿತಲ್ಲ, ಅದಾದ ನಾಲ್ಕು ವರ್ಷಕ್ಕೆ ನನಗೂ ಒಂದು ಸಿಕ್ಕಿತು. ಹೈಸ್ಕೂಲು ಆರು ಕಿಲೋಮೀಟರ್. ಅಕ್ಕನನ್ನು ಏಳನೇ ಕ್ಲಾಸಿಗೇ ಬಿಡಿಸಿದ್ದರು, ನನ್ನನ್ನು ಬಿಡಿಸಲಿಲ್ಲ. ಆ ಸೈಕಲ್ಲಿನಿಂದ ಹೈಸ್ಕೂಲು ಮುಗಿಸಿದೆ, ಮುಂದೆ ಡಿಪ್ಲೊಮಾ ಓದಿದೆ, ಈಗ ಕೆಲಸದಲ್ಲಿದ್ದೇನೆ. ಕೋವಿಡ್ ಕಾಲದಲ್ಲಿ ಆ ಯೋಜನೆ ನಿಂತಾಗ ನನಗೆ ಮನೆಯವರು ಯಾರೋ ಹೋದಷ್ಟು ಸಂಕಟವಾಗಿತ್ತು.

ಸೈಕಲ್ ಯಾಕೆ ಅಂತ ಮೇಲೆ ಕೇಳಿದ್ದಾರೆ. ಕಾರಿನಲ್ಲಿ ಬಂದವರನ್ನು ನಮ್ಮೂರಲ್ಲಿ ಯಾರೂ ಮಾತಾಡಿಸುವುದಿಲ್ಲ. ಸೈಕಲ್ಲಿನಲ್ಲಿ ಬಂದು ನೀರು ಕೇಳಿದವರನ್ನು ಕೂರಿಸಿ, ಯಾವೂರು, ಎಲ್ಲಿಗೆ, ಯಾಕೆ ಅಂತ ಕೇಳುತ್ತಾರೆ. ನನಗೆ ಗೊತ್ತಿರುವ ಉತ್ತರ ಇಷ್ಟೇ.

ಕಿಲೋಮೀಟರಿಗೆ ಹತ್ತು ರೂಪಾಯಿ ನನ್ನದು.

ಹಾಸನದ ಮೇಷ್ಟ್ರು | ನವೆಂಬರ್ 23

ಮೂರು ವಾರದ ವರದಿ. ಹಳೇಬೀಡಿಗೆ ಹೋಗಿ ಬಂದೆವು. ನನಗೆ ಮಂಡಿಯ ಮುಂಭಾಗ ನೋವು, ಮೆಟ್ಟಿಲು ಇಳಿಯುವಾಗ ಜಾಸ್ತಿ. ತಂಗಿಗೆ ಕಿರುಬೆರಳು ಮರಗಟ್ಟುತ್ತಿದೆ.

ಇನ್ನೊಂದು ಪ್ರಶ್ನೆ. ಸಹೋದ್ಯೋಗಿಯೊಬ್ಬರು ಮಗುವಿನ ಫೋಟೋ ಹಾಕಿ ಒಂದು ಚಿತ್ರ ಮಾಡಿಸೋಣ, ಜನ ಬೇಗ ಕೊಡುತ್ತಾರೆ ಅನ್ನುತ್ತಾರೆ. ತಾಯಿಯನ್ನು ಕೇಳಲು ಹೋದೆ. ಅವರು ಏನೂ ಹೇಳಲಿಲ್ಲ, ಮಗುವಿನ ತಲೆಗೆ ಟೋಪಿ ಸರಿಮಾಡಿದರು. ನಾನು ಎದ್ದು ಬಂದೆ.

ಇನ್ನೂರರ ಸವಾರ | ನವೆಂಬರ್ 23

ಮಂಡಿಯ ಮುಂದೆ ನೋವಿದ್ದರೆ ಸೀಟು ತಗ್ಗಾಗಿದೆ, ಐದು ಮಿಲಿಮೀಟರ್ ಏರಿಸಿ ನೋಡಿ. ಒಂದೇ ಸಲ ಜಾಸ್ತಿ ಏರಿಸಿದರೆ ನೋವು ಮಂಡಿಯ ಹಿಂದಕ್ಕೆ ಹೋಗುತ್ತದೆ. ಭಾರದ ಗೇರಿನಲ್ಲಿ ನಿಧಾನಕ್ಕೆ ತುಳಿಯಬೇಡಿ, ಹಗುರ ಗೇರಿನಲ್ಲಿ ನಿಮಿಷಕ್ಕೆ ಎಂಬತ್ತು ಸುತ್ತಿನ ಹತ್ತಿರ ತುಳಿಯಿರಿ. ಬೆರಳು ಮರಗಟ್ಟುವುದು ಅಂಗೈಯ ನರ ಒತ್ತಿದ್ದರಿಂದ, ಭಾರ ಕೈ ಮೇಲೆ ಬೀಳುತ್ತಿದೆ. ಹ್ಯಾಂಡಲ್ ಸ್ವಲ್ಪ ಎತ್ತರಿಸಿ, ಹಿಡಿತ ಆಗಾಗ ಬದಲಿಸಲಿ.

ವಾರ್ಡಿನ ಅಕ್ಕ | ನವೆಂಬರ್ 23

ಫೋಟೋ ಬೇಡವೇ ಬೇಡ. ಆ ಮಗು ಮುಂದೆ ಹೈಸ್ಕೂಲಿಗೆ ಹೋಗುತ್ತಾಳೆ, ಮದುವೆಯಾಗುತ್ತಾಳೆ. ಬೋಳು ತಲೆಯ ಚಿತ್ರ ಊರವರ ಮೊಬೈಲಿನಲ್ಲಿ ಅವಳಿಗಿಂತ ಮುಂದೆ ಹೋಗಿ ಕೂತಿರಬಾರದು. ಹಾಸನ ಜಿಲ್ಲೆಯ ಒಂದು ಮಗುವಿನ ಆಸ್ಪತ್ರೆ ಓಡಾಟಕ್ಕೆ ಅಂತ ಬರೆಯಿರಿ, ನಿಮ್ಮನ್ನು ನಂಬುವವರು ಅಷ್ಟಕ್ಕೇ ಕೊಡುತ್ತಾರೆ.

ನೇರ ಮಾತು | ನವೆಂಬರ್ 24

ಫೋಟೋ ವಿಷಯದಲ್ಲಿ ಅಕ್ಕ ಹೇಳಿದ್ದೇ ಸರಿ. ಸವಾರಿಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ನಾಲ್ಕು ಜನ ರಸ್ತೆಯಲ್ಲಿರುವಾಗ ಹಿಂದೆ ಒಂದು ಗಾಡಿ ಇರಬೇಕು. ಗಾಡಿ ನನ್ನದಿರಲಿ, ಡೀಸೆಲ್ ನನ್ನದಿರಲಿ, ಓಡಿಸುವುದೂ ನಾನೇ.

ಹ್ಯಾಂಡ್‌ಪೋಸ್ಟ್ ತೋಟ | ಡಿಸೆಂಬರ್ 14

ಊಟದ ಬಗ್ಗೆ ಒಂದು ಮಾತು. ನಮ್ಮ ದಾರಿಯಲ್ಲಿ ಪ್ರತಿ ವರ್ಷ ಶಿವರಾತ್ರಿಗೆ ಧರ್ಮಸ್ಥಳಕ್ಕೆ ಸಾವಿರಾರು ಜನ ನಡೆದು ಹೋಗುತ್ತಾರೆ. ನಮ್ಮಜ್ಜಿಯ ಕಾಲದಿಂದ ಮನೆ ಮುಂದೆ ಮಜ್ಜಿಗೆ, ಪಾನಕ, ಕೋಸಂಬರಿ ಇಡುತ್ತೇವೆ. ಕಾಲಿಗೆ ಬೊಬ್ಬೆ ಬಂದವರಿಗೆ ಬಿಸಿನೀರು ಇಡುತ್ತೇವೆ. ಯಾರು, ಯಾವ ಜಾತಿ, ಯಾವ ಊರು ಅಂತ ಕೇಳಿದ್ದಿಲ್ಲ. ಒಬ್ಬರು ಹರಕೆ ಹೊತ್ತು ನಡೆದರೆ ದಾರಿಯವರೂ ಅದರಲ್ಲಿ ಒಂದು ಪಾಲು ಹೊರುತ್ತಾರೆ. ಇದು ನಮಗೆ ಹೊಸದಲ್ಲ, ಸೈಕಲ್ ಮಾತ್ರ ಹೊಸದು.

ಮೂಡಿಗೆರೆಯಲ್ಲಿ ಬೆಳಗಿನ ತಿಂಡಿ ನಮ್ಮ ಮನೆಯಲ್ಲಿ. ಅಕ್ಕಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಜನವರಿ ಕೊನೆ ಅಂದರೆ ರೊಬಸ್ಟಾ ಕೊಯ್ಲು ನಡೆದಿರುತ್ತದೆ, ಎಂಟರ ಸುಮಾರಿಗೆ ಆಳುಗಳನ್ನು ತುಂಬಿಕೊಂಡ ಜೀಪುಗಳು ತೋಟಕ್ಕೆ ನುಗ್ಗುತ್ತಿರುತ್ತವೆ. ಆ ಹೊತ್ತು ರಸ್ತೆಯ ಅಂಚು ಹಿಡಿದೇ ಬನ್ನಿ, ಒಬ್ಬರ ಹಿಂದೆ ಒಬ್ಬರು.

ಇನ್ನೂರರ ಸವಾರ | ಜನವರಿ 21

ಕೊನೆಯ ಮಾತು ಎರಡೇ. ಹಗಲಲ್ಲೂ ಹಿಂದಿನ ಕೆಂಪು ದೀಪ ಉರಿಯಲಿ, ತೋಟದ ಮರದ ನೆರಳಿನಲ್ಲಿ ಸೈಕಲ್ ಕಾಣುವುದಿಲ್ಲ. 112, 108, ಹೆದ್ದಾರಿಯ 1033 ಎಲ್ಲರ ಫೋನಿನಲ್ಲೂ ಇರಲಿ.

ಹಾಸನದ ಮೇಷ್ಟ್ರು | ಜನವರಿ 26

ನಿನ್ನೆ ಸಂಜೆ ಆರೂಕಾಲಿಗೆ ಹಾಸನ ಮುಟ್ಟಿದೆವು. ಇವತ್ತು ಶಾಲೆಯಲ್ಲಿ ಧ್ವಜಾರೋಹಣ ಮುಗಿಸಿ ಬಂದು ಬರೆಯುತ್ತಿದ್ದೇನೆ. ಕುರ್ಚಿಯಿಂದ ಏಳಲು ಕೈ ಊರಬೇಕಾಗಿದೆ.

ಶನಿವಾರ ಬೆಳಿಗ್ಗೆ ಏಳಕ್ಕೆ ಹೊರಟೆವು. ಚಳಿಗೆ ಬೆರಳು ಬ್ರೇಕ್ ಹಿಡಿಯುತ್ತಿರಲಿಲ್ಲ. ಹಳೇಬೀಡಿನ ಹೊರಗೆ ಕೆರೆ ಏರಿಯ ಮೇಲೆ ಬಿಸಿಲು ಬಿತ್ತು, ಆಮೇಲೆ ಸಲೀಸು. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಬೇಲೂರಿಗೆ ಶನಿವಾರ ಬರುವ ಗಾಡಿಗಳಿಗೆ ಲೆಕ್ಕವಿಲ್ಲ, ಊರೊಳಗೆ ಇಳಿದು ತಳ್ಳಿಕೊಂಡೇ ಹೋದೆವು. ಸ್ಪೋಕ್ ಕೀ ಅಂಗಡಿಯಲ್ಲಿ ಇಡೀ ಬೀದಿಯ ಹುಡುಗರು ಸೇರಿದ್ದರು. ನನ್ನ ಹಿಂದಿನ ಚಕ್ರದಲ್ಲಿ ಒಂದು ಕಡ್ಡಿ ಮುರಿದಿತ್ತು, ನನಗೆ ಗೊತ್ತೇ ಇರಲಿಲ್ಲ. ಹತ್ತು ನಿಮಿಷದಲ್ಲಿ ಹಾಕಿಕೊಟ್ಟು ಕೈ ಒರೆಸಿಕೊಂಡರು. ದುಡ್ಡು ಅನ್ನುವ ಮಾತಿಗೇ ಬಿಡಲಿಲ್ಲ. ಚಿಕ್ಕಮಗಳೂರು ತಲುಪಿದಾಗ ಮೂರು ಗಂಟೆ. ಮುಳ್ಳಯ್ಯನಗಿರಿ ಸಾಲು ಎದುರಿಗೆ ನೀಲಿಯಾಗಿ ನಿಂತಿತ್ತು. ಅದನ್ನು ಹತ್ತುವ ಆಸೆ ಡ್ರಿಲ್ ಮೇಷ್ಟ್ರಿಗೆ, ಈ ಸಲಕ್ಕೆ ಬೇಡವೆಂದು ಒಪ್ಪಿಸಿದೆವು.

ಎರಡನೇ ದಿನ ಮೂಡಿಗೆರೆಯವರೆಗೆ ಮೈ ಮಾತು ಕೇಳಲೇ ಇಲ್ಲ. ಅಕ್ಕಿರೊಟ್ಟಿ ತಿಂದ ಮೇಲೆ ಜೀವ ಬಂತು. ಎಲೆಕ್ಟ್ರಿಷಿಯನ್ ಹುಡುಗನಿಗೆ ಸಕಲೇಶಪುರದ ಹತ್ತಿರ ಎರಡೂ ತೊಡೆ ಸೆಟೆದುಕೊಂಡಿತು. ಉಪ್ಪು ಸಕ್ಕರೆ ನೀರು ಕುಡಿಸಿ ಅರ್ಧ ಗಂಟೆ ಕೂರಿಸಿದೆವು, ಆಗಲಿಲ್ಲ. ಅವನು ಗಾಡಿ ಹತ್ತುವಾಗ ಅತ್ತ. ತನಗೆ ಮಾತು ಕೊಟ್ಟವರ ಹಣದಲ್ಲಿ ಉಳಿದ 40 ಕಿಲೋಮೀಟರಿನದು ತಾನೇ ಕಟ್ಟುತ್ತೇನೆ ಅಂದ. ನಾವು ಬೇಡವೆಂದೆವು, ಇವತ್ತು ಬೆಳಿಗ್ಗೆ ಕಟ್ಟಿ ರಸೀದಿ ಕಳಿಸಿದ್ದಾನೆ. ಬಾಳ್ಳುಪೇಟೆಯಿಂದ ಹಾಸನದವರೆಗೆ ನಾಲ್ಕು ಪಥದ ರಸ್ತೆಯಲ್ಲಿ ಲಾರಿಗಳು ಬೀಸುವ ಗಾಳಿಗೆ ಸೈಕಲ್ ಅಲ್ಲಾಡುತ್ತಿತ್ತು. ನೇರ ಮಾತು ಅವರು ಎರಡೂ ದೀಪ ಮಿನುಗಿಸುತ್ತಾ ನಮ್ಮ ಬೆನ್ನಿಗೇ ಬಂದರು, ಒಂದು ಸಲವೂ ಮುಂದೆ ಹೋಗಲಿಲ್ಲ.

ಇನ್ನು ಹೇಳಲೇಬೇಕಾದದ್ದು ಹಾನುಬಾಳಿನದು. ಚಹಾ ಅಂಗಡಿಯಲ್ಲಿ ಕೂತಿದ್ದೆವು. ಕಾಫಿ ಚೀಲ ತುಂಬಿದ ಟ್ರ್ಯಾಕ್ಟರಿನವರೊಬ್ಬರು ಬಂದು ಯಾವೂರು, ಯಾಕೆ ಅಂತ ಕೇಳಿದರು. ತಂಗಿ ಎಲ್ಲ ವಿವರಿಸಿ ಹೇಳಿದಳು. ಅವರು ಚಹಾ ಮುಗಿಸುವವರೆಗೆ ಸುಮ್ಮನಿದ್ದು, ಆಮೇಲೆ ಕೇಳಿದರು: "ಮಗು ಚೆನ್ನಾಗಿ ಆಡ್ಕೊಂಡಿದ್ರೂ ಹೋಗ್ಲೇಬೇಕಾ?" ಅವರ ತಮ್ಮನ ಮಗ, ಐದು ವರ್ಷ. ಇದೇ ಕಾಯಿಲೆ. ಮಳೆಗಾಲದಲ್ಲಿ ಎರಡು ತಿಂಗಳು ಬೆಂಗಳೂರಿಗೆ ಹೋಗಿದ್ದಾರೆ, ರಕ್ತ ಸರಿಹೋಯಿತು ಅಂದಿದ್ದಾರೆ, ದಸರಾ ಆದ ಮೇಲೆ ಹೋಗಿಲ್ಲ. ತಾಯಿಗೆ ಬಾಣಂತನ, ತಂದೆ ತೋಟದ ಕೆಲಸ ಬಿಡುವ ಹಾಗಿಲ್ಲ. ಅಲ್ಲಿಂದಲೇ ವಾರ್ಡಿನ ಅಕ್ಕನಿಗೆ ಫೋನು ಹಚ್ಚಿ ಅವರ ಕೈಗೆ ಕೊಟ್ಟೆ.

ವಾರ್ಡಿನ ಅಕ್ಕ | ಜನವರಿ 27

ನಿನ್ನೆ ಆ ಮನೆಗೆ ಹೋಗಿದ್ದೆ. ಮಗು ಅಂಗಳದಲ್ಲಿ ಆಡುತ್ತಿತ್ತು. ಅಜ್ಜಿ ನನ್ನ ಮೇಲೆ ರೇಗಿದರು, ಇಷ್ಟು ಚೆನ್ನಾಗಿರುವ ಕೂಸಿಗೆ ಮತ್ತೆ ಯಾಕೆ ಸೂಜಿ ಅಂತ. ಅವರ ಸಿಟ್ಟು ಸಹಜ, ನಾನು ವಾದ ಮಾಡಲಿಲ್ಲ. ಬಚ್ಚಲಿನ ಹಾವಸೆಯ ಉದಾಹರಣೆ ಕೊಟ್ಟೆ: ಒಂದು ಸಲ ಉಜ್ಜಿದರೆ ಕಾಣುವುದಿಲ್ಲ, ಬಿಟ್ಟರೆ ಮಳೆಗೆ ಮತ್ತೆ ಬರುತ್ತದೆ. ಅಜ್ಜಿ ಅದಕ್ಕೆ ತಲೆಯಾಡಿಸಿದರು. ತಂದೆ ಫೈಲು ತಂದುಕೊಟ್ಟರು. ಆಸ್ಪತ್ರೆಯವರ ಜೊತೆ ಮಾತಾಡಿದ್ದೇನೆ, ಗುರುವಾರ ಬನ್ನಿ ಅಂದಿದ್ದಾರೆ. ಮೂರು ತಿಂಗಳ ಅಂತರ ಆಗಿದೆ, ಮೊದಲು ಪರೀಕ್ಷೆ ಮಾಡಿ ನೋಡಬೇಕು. ಏನಾಗಿದೆಯೋ ಅಂತ ನನಗೂ ಎದೆಯೊಳಗೆ ಭಯವಿದೆ.

ಲೆಕ್ಕದ ಪುಸ್ತಕ | ಜನವರಿ 27

ಲೆಕ್ಕ ಕೊಡುತ್ತಿದ್ದೇನೆ. ಇವತ್ತು ಮಧ್ಯಾಹ್ನದವರೆಗೆ ಟ್ರಸ್ಟಿನ ಖಾತೆಗೆ ಬಂದದ್ದು 84,300 ರೂಪಾಯಿ. ಸವಾರಿಯ ಖರ್ಚು: ರೂಮು 2,400, ಟೈರು ಟ್ಯೂಬು ಬ್ರೇಕ್ ಪ್ಯಾಡು 1,920, ಊಟ ತಿಂಡಿ 1,840, ಒಟ್ಟು 6,160. ನಾಲ್ವರೂ ತಲಾ 1,540 ಹಾಕಿದ್ದಾರೆ. ದೇಣಿಗೆಯಿಂದ ಖರ್ಚು ಸೊನ್ನೆ. ಮೇಷ್ಟ್ರ ಲೆಕ್ಕದಂತೆ ಸಲಕ್ಕೆ 5,180 ಹಿಡಿದರೆ ಹದಿನಾರು ಪ್ರಯಾಣ. ಎರಡನೇ ಮಗುವನ್ನೂ ಇದಕ್ಕೇ ಸೇರಿಸುವುದಾದರೆ ಹಣ ಬೇಗ ಮುಗಿಯುತ್ತದೆ, ಕೊಟ್ಟವರನ್ನು ಒಂದು ಮಾತು ಕೇಳಿ ಸೇರಿಸೋಣ.

ಎಂಟನೇ ಕ್ಲಾಸಿನ ಸೈಕಲ್ | ಜನವರಿ 27

ಕೇಳುವುದೇನಿದೆ, ಸೇರಿಸಿ. ನನ್ನ ಕಡೆಯಿಂದ ಇನ್ನೊಂದು 170 ಕಿಲೋಮೀಟರ್ ಅಂತ ಬರೆದುಕೊಳ್ಳಿ.

ಹಾಸನದ ಮೇಷ್ಟ್ರು | ಜನವರಿ 27

ಗುರುವಾರ ನನಗೆ ಪೂರ್ವಸಿದ್ಧತಾ ಪರೀಕ್ಷೆಯ ಮೇಲ್ವಿಚಾರಣೆ ಇದೆ, ಬಿಡಲಾಗುವುದಿಲ್ಲ. ತಂದೆ ಮಗುವಿನ ಜೊತೆ ಹಾನುಬಾಳಿನಿಂದ ಬೆಂಗಳೂರಿಗೆ ಯಾರಾದರೂ ಹೋಗಬಲ್ಲಿರಾ?

ನೇರ ಮಾತು | ಜನವರಿ 27

ನಾನು ಹೋಗುತ್ತೇನೆ. ಬುಧವಾರ ರಾತ್ರಿ ಹಾಸನಕ್ಕೆ ಬಂದಿರುತ್ತೇನೆ, ಬೆಳಿಗ್ಗೆ ನಾಲ್ಕಕ್ಕೆ ಬಿಟ್ಟರೆ ಐದೂವರೆಗೆ ಹಾನುಬಾಳು. ಮಗುವಿಗೆ ದಾರಿಯಲ್ಲಿ ಏನು ಕೊಡಬಹುದು ಅಂತ ಅಕ್ಕ ಬರೆದು ಕಳಿಸಲಿ.

ಹ್ಯಾಂಡ್‌ಪೋಸ್ಟ್ ತೋಟ | ಜನವರಿ 28

ಆ ಹೊತ್ತಿಗೆ ಬರಬೇಡಿ. ಹಾನುಬಾಳು ಸುತ್ತಮುತ್ತ ಆನೆ ಇದೆ ಅಂತ ಸಂದೇಶ ಬಂದಿದೆ. ಬುಧವಾರ ರಾತ್ರಿ ಸಕಲೇಶಪುರದಲ್ಲಿ ಉಳಿಯಿರಿ. ತಂದೆ ಮಗುವನ್ನು ನಾನು ಹಗಲಿರುವಾಗಲೇ ನನ್ನ ಜೀಪಿನಲ್ಲಿ ಅಲ್ಲಿಗೆ ತಂದು ಬಿಡುತ್ತೇನೆ.